ಸಿಪ್ಪೆಯ ಬಣ್ಣ ನಂಬಿ ಬಳ್ಳಿ ನೆಡಬೇಡಿ ಸ್ವಾಮಿ

ಚಿಂತಾಮಣಿಯ ಸ್ನೇಹಿತರು "ವಿಟಮಿನ್ ಎ ಗೆಣಸು ಸಂತೆಯಲ್ಲೇ ಸಿಕ್ಕಿತು, ಮಡಿಗೆ ಹಾಕಿದ್ದೇನೆ" ಎಂದು ಕೆಂಪು ಗೆಣಸಿನ ಫೋಟೋ ಹಾಕಿದ್ದನ್ನು ಕಂಡು ಸುಮ್ಮನಿರಲಾಗಲಿಲ್ಲ. ಸ್ವಾಮಿ, ಒಂದನ್ನು ಅಡ್ಡಕ್ಕೆ ಕತ್ತರಿಸಿ ಒಳಗಿನ ಫೋಟೋ ಹಾಕಿ. ಕೆಂಪಾಗಿರುವುದು ಸಿಪ್ಪೆ. ಮೈಯಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೋಟಿನ್ ತುಂಬಿರುವುದು ಕಿತ್ತಳೆ ಬಣ್ಣದ ತಿರುಳಿನಲ್ಲಿ.

ಇದೇ ತಪ್ಪನ್ನು ನಾನು ಎಂಟು ಗುಂಟೆಯಲ್ಲಿ ಮಾಡಿದ್ದೇನೆ. ಸೆಪ್ಟೆಂಬರ್ ಕೊನೆಗೆ ನೆಟ್ಟು ಸಂಕ್ರಾಂತಿಗೆ ಸರಿಯಾಗಿ ಅಗೆದೆ. ಅಷ್ಟರಲ್ಲಿ ಅಂಗನವಾಡಿ ಮಕ್ಕಳಿಗೆ ಕಣ್ಣಿಗೆ ಒಳ್ಳೆಯ ಗೆಣಸು ಕೊಡುತ್ತೇನೆಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಹಬ್ಬದ ದಿನ ಅವರೆಕಾಯಿ, ಕಡಲೆಕಾಯಿಯ ಜೊತೆ ಬೇಯಿಸಿ ಸೊಸೆ ಸಿಪ್ಪೆ ಸುಲಿದರೆ ಒಳಗೆ ಸುಣ್ಣ ಬಳಿದ ಗೋಡೆ! "ಮಾವ, ಕ್ಯಾರೆಟ್ ತುರಿದು ಬೆರೆಸಿಬಿಡೋಣವೇ?" ಎಂದಳು. ಒಂದು ವಾರ ಅಂಗನವಾಡಿಯ ರಸ್ತೆಯಲ್ಲಿ ನಾನು ನಡೆಯಲಿಲ್ಲ.

ಬೇಕಾದದ್ದು ಭೂ ಸೋನಾ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ತಳಿ. 100 ಗ್ರಾಂನಲ್ಲಿ ಸುಮಾರು 14 ಮಿಲಿಗ್ರಾಂ ಬೀಟಾ ಕ್ಯಾರೋಟಿನ್. ಅದೇ ಸಂಸ್ಥೆಯ ಭೂ ಕೃಷ್ಣ ಒಳಗೂ ನೇರಳೆ, ಅದರ ಗುಣವೇ ಬೇರೆ. ಹೆಸರಿನಲ್ಲಿ ಭೂ ಇದೆಯೆಂದು ತಂದುಕೊಳ್ಳಬೇಡಿ. "ಬಯೋ" ಎಂದು ಮುದ್ರಿಸಿ ದುಪ್ಪಟ್ಟು ಬೆಲೆಗೆ ಮಾರುವ ಬಳ್ಳಿಯ ಕಟ್ಟುಗಳ ಮೇಲೆ ನನಗೆ ನಂಬಿಕೆಯಿಲ್ಲ. ಕತ್ತರಿಸಿದ ಗೆಡ್ಡೆ ತೋರಿಸಿದವರ ಹತ್ತಿರವೇ ಕೊಳ್ಳಿ.

ಬಳ್ಳಿಯ ತುದಿಯ ಭಾಗವನ್ನೇ ಗೇಣುದ್ದ ಕತ್ತರಿಸಿ ಎರಡು ದಿನ ನೆರಳಿನಲ್ಲಿಡಿ. ಬಾಡಿತೆಂದು ಗಾಬರಿಪಡಬೇಡಿ, ಗಿಣ್ಣಿನಲ್ಲಿ ಬೇರಿನ ಮೊಳಕೆ ಕಾಣಿಸುತ್ತದೆ. ಆಮೇಲೆ ಬೋದಿನಲ್ಲಿ ಎರಡು ಮೂರು ಗಿಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ನಾನು ನೆರಳಿನಲ್ಲಿಡದೆ ನೆಟ್ಟ ಸಾಲಿನಲ್ಲಿ ಅರ್ಧ ಬಳ್ಳಿ ಸತ್ತಿತ್ತು. ಯೂರಿಯಾ ಸುರಿದರೆ ಎಲೆಯೇ ಕೊಯ್ಯಬೇಕು, ಹಸುವಿಗೆ ಮಾತ್ರ ಹಬ್ಬ. ಮಣ್ಣು ಬಿರುಕು ಬಿಟ್ಟರೆ ಮೂತಿ ಹುಳು ಗೆಡ್ಡೆಗೆ ಇಳಿಯುತ್ತದೆ. ಬುಡಕ್ಕೆ ಮಣ್ಣು ಏರಿಸಿ, ಹೆಣ್ಣು ಹುಳುವಿನ ವಾಸನೆ ತೋರಿಸಿ ಸೆಳೆಯುವ ಮೋಹಕ ಬಲೆ ಹಾಕಿ. ಬಲೆಗೆ ಬೀಳುವುದು ಗಂಡು ಹುಳು ಮಾತ್ರ, ಬಲೆ ಕಟ್ಟಿ ಮಲಗಬೇಡಿ.

ಹೋಳು ಮಾಡಿ ಬಿಸಿಲಿಗೆ ಒಣಗಿಸಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಬಿಸಿಲು ಬಿದ್ದಷ್ಟೂ ಕ್ಯಾರೋಟಿನ್ ಹಾಳು. ಸಿಪ್ಪೆ ಸಮೇತ ಬೇಯಿಸಿ, ಕಡಲೆಕಾಯಿ ಜೊತೆ ಕೊಡಿ. ಜಿಡ್ಡಿಲ್ಲದೆ ಕ್ಯಾರೋಟಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಾಗೆಂದು ಆರು ತಿಂಗಳಿಗೊಮ್ಮೆ ಮಕ್ಕಳಿಗೆ ಹಾಕಿಸುವ ವಿಟಮಿನ್ ಎ ದ್ರಾವಣ ತಪ್ಪಿಸಬೇಡಿ. ಕೋಳಿಗೆ ಹಾಕುವ ಹಳದಿ ಮುಸುಕಿನ ಜೋಳವೇ ಸಾಕೆಂದವರಿಗೂ ಹೇಳುತ್ತೇನೆ: ಅದರ ಹಳದಿಯಲ್ಲಿ ಬಹುಪಾಲು ವಿಟಮಿನ್ ಎ ಆಗದ ಬಣ್ಣ. ವಿಟಮಿನ್ ಎಗೆಂದೇ ಬಂದ "ಪೂಸಾ ವಿವೇಕ್ ಕ್ಯೂಪಿಎಂ 9 ಸುಧಾರಿತ" ಎಂಬ ಜೋಳದ ತಳಿಯೇ ಬೇರೆ. ಬೆಳೆ ಏನೂ ಇಲ್ಲದಿದ್ದರೆ ಹಿತ್ತಲ ನುಗ್ಗೆ ಸೊಪ್ಪು ಇದೆಯಲ್ಲ.

ನಿಮ್ಮ ಮಡಿಯನ್ನು ಈಗ ಕೀಳಬೇಡಿ, ಹಬ್ಬಕ್ಕೆ ಬಿಳಿ ಗೆಣಸಿಗೂ ಗಿರಾಕಿ ಇದ್ದಾರೆ. ಭೂ ಸೋನಾ ಬಂದರೆ ದೂರದ ಮಡಿಯಲ್ಲಿ ಹಾಕಿ. ಬಳ್ಳಿಗಳು ಹೆಣೆದುಕೊಂಡರೆ ಅಗೆಯುವವರೆಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.