ಆ ನೋಟಿಸನ್ನು ದೇವರ ಮುಂದೆ ಬಿಚ್ಚಿಡಿ, ಆಮೇಲೆ ಮಡಚಿಕೊಂಡು ಹೊರಡಿ

ಪ್ರಶ್ನೆ: ನಮ್ಮದು ಮಂಡ್ಯ ಪಕ್ಕದ ಹಳ್ಳಿ. ಸಂಘದ ಮೂಲಕ ಮೈಕ್ರೋ ಫೈನಾನ್ಸ್ ಸಾಲ ತಗೊಂಡಿದ್ದೆವು. ನಮ್ಮೆಜಮಾನರು ಆಲೆಮನೆಯಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಐದು ತಿಂಗಳಿಂದ ಮನೆಯಲ್ಲೇ ಇದ್ದಾರೆ. ಓಲೆ ಅಡವಿಟ್ಟು ಎರಡು ಕಂತು ಕಟ್ಟಿದೆ. ಆದರೂ ವಸೂಲಿಯವರು ರಾತ್ರಿ ಒಂಬತ್ತಕ್ಕೆ ಬಂದು ಜಗಲಿ ಮೇಲೆ ಕೂತು ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಾರೆ. ಈಗ ನೋಟಿಸೂ ಬಂದಿದೆ. ಪಕ್ಕದ ಮನೆಯಾಕೆ ಕೋರ್ಟಿನ ಉಚಿತ ಕಾನೂನು ನೆರವಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾರೆ. ನಮ್ಮ ಪ್ರಾರ್ಥನಾ ಕೂಟದ ಹಿರಿಯರು, ಹೋದರೆ ಅದು ಅಪನಂಬಿಕೆ, ದೇವರೇ ಯುದ್ಧ ಮಾಡುತ್ತಾನೆ, ನೀನು ಸುಮ್ಮನಿರು ಅನ್ನುತ್ತಾರೆ. ಮೂರು ತಿಂಗಳಿಂದ ಉಪವಾಸ ಇದ್ದು ಬೇಡುತ್ತಿದ್ದೇನೆ. ದೇವರಿಗೆ ಕೇಳಿಸುತ್ತಿಲ್ಲವಾ? ಒಮ್ಮೊಮ್ಮೆ ಜೀವವೇ ಬೇಡ ಅನ್ನಿಸುತ್ತದೆ. ಮಗಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ.

ಉತ್ತರ: ತಂಗೀ, ಜೀವವೇ ಬೇಡ ಅಂತ ಬರೆದಿದ್ದೀರಲ್ಲ, ಮೊದಲು ಆ ಮಾತು. ಹಾಗನ್ನಿಸಿತು ಅಂತ ನಿಮ್ಮ ನಂಬಿಕೆ ಸತ್ತಿದೆ ಅಂದುಕೊಳ್ಳಬೇಡಿ. ಬೈಬಲಿನ ಎಲೀಯನಂಥ ಪ್ರವಾದಿಯೇ ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಅಂತ ಅತ್ತ. ದೇವರು ಅವನನ್ನು ಗದರಲಿಲ್ಲ. ಮಲಗಲು ಬಿಟ್ಟ. ದೂತನನ್ನು ಕಳಿಸಿ ಎಬ್ಬಿಸಿ ಕೆಂಡದಲ್ಲಿ ಸುಟ್ಟ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಿಸಿದ, ಮತ್ತೆ ಎಬ್ಬಿಸಿ ತಿನ್ನಿಸಿದ. ಮಿಕ್ಕಿದ ಮಾತೆಲ್ಲ ಆಮೇಲೆ. ಹಾಗಾಗಿ ಸದ್ಯಕ್ಕೆ ಉಪವಾಸ ನಿಲ್ಲಿಸಿ. ಹೊಟ್ಟೆ ತುಂಬಾ ಮುದ್ದೆ ಉಣ್ಣಿ. ಆ ಯೋಚನೆ ಮತ್ತೆ ಬಂದರೆ ಒಬ್ಬರೇ ಇರಬೇಡಿ, ಪಕ್ಕದ ಮನೆಯಾಕೆಯನ್ನು ಕರೆಯಿರಿ, 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ಸಂಕಟಕ್ಕೆ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್ ಅಂತ. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದೊಂದನ್ನು ನನಗೋಸ್ಕರ ಮಾಡಿ.

ಇನ್ನು ನಿಮ್ಮ ಹಿರಿಯರು ಹೇಳಿದ ವಾಕ್ಯ. ಅದು ಬೈಬಲಿನ ವಿಮೋಚನಕಾಂಡದ 14ನೇ ಅಧ್ಯಾಯದ 14ನೇ ವಚನ. ಹಿಂದೆ ಈಜಿಪ್ಟಿನ ದೊರೆ ಫರೋಹನ ರಥಗಳು, ಮುಂದೆ ಸಮುದ್ರ, ಜನ ಕಿರುಚುತ್ತಿದ್ದಾರೆ, ಆಗ ಅವರನ್ನು ನಡೆಸುತ್ತಿದ್ದ ಮೋಶೆ ಹೇಳಿದ ಮಾತು ಅದು, ಮತ್ತು ಅದು ನಿಜ, ನಾನೂ ಅದನ್ನು ಪೂರ್ತಿ ನಂಬುತ್ತೇನೆ. ಆದರೆ ಅಲ್ಲಿಗೇ ಪುಸ್ತಕ ಮುಚ್ಚಿದರೆ ಹೇಗೆ? ಮುಂದಿನ ವಚನದಲ್ಲೇ ದೇವರು ಮೋಶೆಗೆ, ನನಗೆ ಯಾಕೆ ಮೊರೆಯಿಡುತ್ತೀ, ಮುಂದಕ್ಕೆ ಹೊರಡಲು ಜನರಿಗೆ ಹೇಳು ಅನ್ನುತ್ತಾನೆ. ಸಮುದ್ರ ಇನ್ನೂ ಸೀಳಿರಲಿಲ್ಲ, ಆಗಲೇ ಹೊರಡಲು ಹೇಳಿದ! ಅದು ಸೀಳಿದ್ದೂ ಚಿಟಿಕೆ ಹೊಡೆಯುವಷ್ಟರಲ್ಲಿ ಅಲ್ಲ. ಮೂಡಣ ಗಾಳಿ ರಾತ್ರಿಯೆಲ್ಲಾ ಬೀಸಿತು ಅಂತ ಬರೆದಿದೆ. ಆ ರಾತ್ರಿ ದಡದಲ್ಲಿ ಮಕ್ಕಳನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತ ತಾಯಂದಿರಿಗೆ ಕತ್ತಲೆ, ಗಾಳಿಯ ಸದ್ದು ಬಿಟ್ಟು ಬೇರೇನು ಗೊತ್ತಾಗಿರಬಹುದು ಹೇಳಿ? ನಿಮ್ಮ ಮೂರು ತಿಂಗಳೂ ನನಗೆ ಹಾಗೇ ಕಾಣುತ್ತದೆ. ಕೇಳಿಸುತ್ತಿದೆ ತಂಗೀ, ಅವನಿಗೆ ಖಂಡಿತ ಕೇಳಿಸುತ್ತಿದೆ.

ನಿಮ್ಮ ಪತ್ರ ಓದುವಾಗ ನನಗೆ ಜಾಸ್ತಿ ನೆನಪಾದವನು ಯೆಹೂದ ನಾಡಿನ ಅರಸ ಹಿಜ್ಕೀಯ. ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಕೋಟೆ ಊರುಗಳನ್ನೆಲ್ಲ ಹಿಡಿದ. ಹಿಜ್ಕೀಯನೂ ಮೊದಲು ಹೆದರಿ ಕೇಳಿದ್ದೆಲ್ಲ ಕೊಟ್ಟ, ದೇವಾಲಯದ ಬಾಗಿಲಿನ ಚಿನ್ನವನ್ನೂ ಕಿತ್ತು ಕೊಟ್ಟ. ನಿಮ್ಮ ಓಲೆಯ ಹಾಗೆ. ಆದರೂ ಸೈನ್ಯ ಯೆರೂಸಲೇಮಿನ ಗೋಡೆವರೆಗೂ ಬಂತು. ಅಶ್ಶೂರದವರು ಗೋಡೆ ಮೇಲಿದ್ದ ಜನಕ್ಕೆಲ್ಲ ಕೇಳುವ ಹಾಗೆ ಕೂಗಿ ಅವಮಾನ ಮಾಡಿದರು, ಆಮೇಲೆ ಬೆದರಿಕೆ ಪತ್ರವೂ ಬಂತು. ಹಿಜ್ಕೀಯ ಆ ಪತ್ರ ಹಿಡಿದು ದೇವಾಲಯಕ್ಕೆ ಹೋಗಿ, ಅದನ್ನು ದೇವರ ಮುಂದೆ ಬಿಚ್ಚಿ ಹರಡಿ, ನೀನೇ ನೋಡು ಅಂದ. ಆ ಊರು ಸನ್ಹೇರೀಬನ ಕೈಗೆ ಸಿಗಲಿಲ್ಲ. ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಅಂತ ಅವನೇ ಬರೆಸಿಕೊಂಡಿದ್ದಾನೆ, ಊರು ಗೆದ್ದೆ ಅಂತ ಬರೆಸಲಿಲ್ಲ.

ಇಷ್ಟು ದೊಡ್ಡ ನಂಬಿಕೆಯ ಈ ಮನುಷ್ಯನೇ ಶತ್ರುಗಳಿಗೆ ಸಿಗದ ಹಾಗೆ ನೀರಿನ ಬುಗ್ಗೆಗಳನ್ನು ಮುಚ್ಚಿಸಿದ, ಗೋಡೆ ಗಟ್ಟಿ ಮಾಡಿಸಿದ, ಬಂಡೆಯೊಳಗೆ ಸುಮಾರು 533 ಮೀಟರ್ ಸುರಂಗ ಕೊರೆಸಿ ನೀರನ್ನು ಊರೊಳಗೆ ತಂದ. ಹುಲಿಕೆರೆ ಸುರಂಗದ ನೀರಲ್ಲಿ ಗದ್ದೆ ಮಾಡುವ ಮಂಡ್ಯದವರಿಗೆ ಸುರಂಗ ತೋಡುವುದು ಎಂಥ ಕೆಲಸ ಅಂತ ನಾನು ಹೇಳಬೇಕಾಗಿಲ್ಲ. ಎರಡೂ ತುದಿಯಿಂದ ಕೊರೆಯುತ್ತಾ ಬಂದು, ಕೊನೆಗೆ ಬಂಡೆಯಾಚೆಯಿಂದ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸಿತು ಅಂತ ಅಲ್ಲೇ ಕೆತ್ತಿದ್ದ ಶಾಸನ 1880ರಲ್ಲಿ ಸಿಕ್ಕಿತು. ಆದರೂ ಅವನು ದೇವರಲ್ಲಿ ಭರವಸೆಯಿಟ್ಟವನು ಅಂತಲೇ ಬೈಬಲಿನಲ್ಲಿ ಬರೆದಿದೆ.

ನನ್ನಮ್ಮನೂ ಹೀಗೇ. ಅಪ್ಪ ಮೈಸೂರಿನ ಒಂದು ಆಸ್ಪತ್ರೆಯಲ್ಲಿದ್ದಾಗ ಬಿಲ್ಲನ್ನು ರಾತ್ರಿ ಬೈಬಲಿನೊಳಗೆ ಇಟ್ಟು ಮೊಣಕಾಲೂರುತ್ತಿದ್ದಳು, ಬೆಳಿಗ್ಗೆ ಅದೇ ಬಿಲ್ಲು ತೆಗೆದುಕೊಂಡು ಸ್ವಲ್ಪ ಕಮ್ಮಿ ಮಾಡಿ ಅಂತ ಕೇಳಲು ಹೋಗುತ್ತಿದ್ದಳು.

ಹಾಗಾಗಿ ಪಕ್ಕದ ಮನೆಯಾಕೆಯ ಜೊತೆ ಧೈರ್ಯವಾಗಿ ಹೋಗಿ. ದೇವರು ಅವರನ್ನೇ ಕಳಿಸಿರಬಹುದು ಅಲ್ವಾ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 1987ರ ಕಾಯ್ದೆಯಲ್ಲೇ ಅದು ಇದೆ. ಫೋನಲ್ಲಿ ಕೇಳುವುದಾದರೆ 15100. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋ ಫೈನಾನ್ಸ್‌ನವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಸಾಲಗಾರರಿಗೆ ಫೋನ್ ಕೂಡ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರವೂ 2025ರಲ್ಲಿ ಕಾನೂನು ತಂದಿದೆ, 10 ವರ್ಷದವರೆಗೆ ಜೈಲು ಇದೆ. ಯಾವುದು ನಿಮಗೆ ಅನ್ವಯಿಸುತ್ತದೆ ಅನ್ನುವುದು ಆ ಕಂಪನಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆಗಿದೆಯಾ ಅನ್ನುವುದರ ಮೇಲೆ ನಿಂತಿದೆ, ವಕೀಲರು ನೋಡುತ್ತಾರೆ. ತಗೊಂಡ ಸಾಲವನ್ನು ತೀರಿಸಲೇಬೇಕು, ಅದಕ್ಕೆ ಸಮಯ ಕೇಳಿ, ಕಂತು ಚಿಕ್ಕದು ಮಾಡಿಸಿ. ಬೈಸಿಕೊಳ್ಳುವುದು ಮಾತ್ರ ನಿಮ್ಮ ಸಾಲದಲ್ಲಿ ಸೇರಿಲ್ಲ.

ಹಿರಿಯರ ಮೇಲೆ ಕೋಪ ಬೇಡ. 15ನೇ ವಚನವನ್ನು ಅವರ ಜೊತೆ ಕೂತು ಓದಿ, ನಾಳೆ ಕೋರ್ಟಿಗೆ ಹೋಗುತ್ತಿದ್ದೇನೆ, ಆ ಹೊತ್ತಿಗೆ ಪ್ರಾರ್ಥನೆ ಮಾಡಿ ಅಂತ ಕೇಳಿ.

ಇವತ್ತು ರಾತ್ರಿ ಊಟ ಆದ ಮೇಲೆ ಆ ನೋಟಿಸನ್ನು ದೇವರ ಮುಂದೆ ಬಿಚ್ಚಿಡಿ. ಎಜಮಾನರನ್ನೂ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೆಳಿಗ್ಗೆ ಅದರ ಜೊತೆ ಸಾಲದ ಪಾಸ್‌ಬುಕ್ಕು, ಕಟ್ಟಿದ ಕಂತಿನ ರಸೀದಿ, ಆಧಾರ್ ಕಾರ್ಡ್ ಇಟ್ಟುಕೊಂಡು ಮಂಡ್ಯದ ಬಸ್ಸು ಹತ್ತಿ. ಏನಾಯಿತು ಅಂತ ನನಗೆ ಬರೆಯಿರಿ. ಮಗಳು ಪರೀಕ್ಷೆ ಹೇಗೆ ಬರೆದಳು ಅಂತಲೂ.