ಓದುಗರ ಪ್ರಶ್ನೆ: ಹಳೆ ಕಾರಿನ ಎಲೆಕ್ಟ್ರಿಕಲ್ ರಿಪೇರಿ, ವಾರಂಟಿ ತಕರಾರು

ಪ್ರಶ್ನೆ: ಏಳು ವರ್ಷ ಓಡಿದ ಕಾರನ್ನು ಡೀಲರ್ ಒಬ್ಬರಿಂದ ಆರು ತಿಂಗಳ ವಾರಂಟಿ ಸಮೇತ ಕೊಂಡೆ. ಎರಡನೇ ತಿಂಗಳಿಗೇ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳೆಲ್ಲ ಒಟ್ಟಿಗೆ ಹತ್ತತೊಡಗಿದವು. ವೈಪರ್ ತಾನಾಗಿ ಓಡುತ್ತದೆ, ಕೆಲವೊಮ್ಮೆ ಕಾರು ಸ್ಟಾರ್ಟೇ ಆಗುವುದಿಲ್ಲ. ದೀಪ, ವೈಪರ್, ಲಾಕ್ ಇತ್ಯಾದಿ ನಡೆಸುವ ಕಂಪ್ಯೂಟರ್ ಪೆಟ್ಟಿಗೆಯಾದ ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದರೆ ಬಿಸಿಎಂ ಹೋಗಿದೆ, ಹೊಸದೇ ಹಾಕಬೇಕು ಎಂದು ವರ್ಕ್‌ಶಾಪಿನವರು ಹೇಳುತ್ತಾರೆ. ವಾರಂಟಿಯವರು ‘ನೀರು ಹೊಕ್ಕಿದೆ, ಕ್ಲೇಮ್ ಕೊಡಲಾಗದು’ ಎಂದು ಕೈತೊಳೆದುಕೊಂಡಿದ್ದಾರೆ. ಇಷ್ಟು ದೊಡ್ಡ ಬಿಲ್ ನಾನೇ ಕಟ್ಟಬೇಕೆ?

ಉತ್ತರ: ಕೆಟ್ಟದ್ದು ಯಾವ ಭಾಗ, ಯಾಕೆ ಕೆಟ್ಟಿತು ಎಂಬ ಎರಡು ಪ್ರಶ್ನೆ ಇತ್ಯರ್ಥವಾಗದೆ ಬಿಲ್ ಯಾರದು ಎಂದು ಹೇಳಲಾಗದು. ನೀವು ಬರೆದಿರುವುದನ್ನು ನೋಡಿದರೆ ಎರಡೂ ಇನ್ನೂ ಊಹೆಯ ಹಂತದಲ್ಲೇ ಇವೆ. ಹಾಗಾಗಿ ಮಾಡ್ಯೂಲ್ ತರಿಸಲು ಈಗಲೇ ಒಪ್ಪಬೇಡಿ.

ಇಂಥ ಕಾರಿಗೆ ಸ್ಕ್ಯಾನರ್ ಹಾಕಿದರೆ ಹೆಚ್ಚಾಗಿ ಯು0140 ಕೋಡ್ ಬರುತ್ತದೆ. ಬಿಸಿಎಂ ಜೊತೆ ಸಂಪರ್ಕ ಕಡಿದಿದೆ ಎಂದಷ್ಟೇ ಅದರ ಅರ್ಥ, ಬಿಸಿಎಂ ಸತ್ತಿದೆ ಎಂದಲ್ಲ. ಸಪ್ಲೈ ಬರದಿದ್ದರೆ, ಅರ್ತ್ ಸಡಿಲವಾಗಿದ್ದರೆ ಸರಿಯಿರುವ ಮಾಡ್ಯೂಲ್ ಕೂಡ ಸುಮ್ಮನಾಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ಕಡೆ ಒಮ್ಮೆಲೇ ತೊಂದರೆ ಕಂಡಾಗ ಮೊದಲು ಅನುಮಾನಿಸಬೇಕಾದದ್ದು ಬ್ಯಾಟರಿ, ಅರ್ತ್ ಮತ್ತು ಕನೆಕ್ಟರ್‌ಗಳನ್ನೇ.

ಕೋಡ್ ಅಳಿಸುವ ಮೊದಲು ಸ್ಕ್ಯಾನ್ ರಿಪೋರ್ಟನ್ನು ಫ್ರೀಜ್ ಫ್ರೇಮ್ (ದೋಷ ಕಂಡ ಕ್ಷಣದಲ್ಲಿ ದಾಖಲಾದ ಅಂಕಿಗಳು) ಸಮೇತ ಪ್ರಿಂಟ್ ಹಾಕಿಸಿಕೊಳ್ಳಿ. ಅಳಿಸಿದರೆ ಅದೂ ಹೋಗುತ್ತದೆ. ಆಮೇಲೆ ಮಲ್ಟಿಮೀಟರ್ ಕೆಲಸ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್ ಪೋಸ್ಟಿಗೂ ಎಂಜಿನ್ ಬ್ಲಾಕಿಗೂ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೇಬಲ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಬೇಕು. ಬಿಸಿಎಂನ ಅರ್ತ್ ಪಿನ್ನಿನಲ್ಲೂ ಇದೇ ಪರೀಕ್ಷೆ, ಆದರೆ ಹೆಡ್‌ಲೈಟ್, ವೈಪರ್ ಹಾಕಿಕೊಂಡೇ ನೋಡಬೇಕು. ಲೋಡ್ ಇಲ್ಲದೆ ಅಳೆದರೆ ಒಂದೇ ಎಳೆ ಉಳಿದ ವೈರೂ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ.

ಇನ್ನು ಮಾಡ್ಯೂಲ್‌ಗಳು ಒಂದಕ್ಕೊಂದು ಮಾತಾಡುವ ಡೇಟಾ ವೈರು. ಬ್ಯಾಟರಿ ನೆಗೆಟಿವ್ ಬಿಚ್ಚಿ, ಸ್ಕ್ಯಾನರ್ ಚುಚ್ಚುವ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆದರೆ ಬಹುತೇಕ ಕಾರುಗಳಲ್ಲಿ 60 ಓಮ್ ಸಿಗುತ್ತದೆ, ಎರಡು ತುದಿಯಲ್ಲೂ 120 ಓಮ್‌ನ ರೆಸಿಸ್ಟರ್ ಇರುವುದರಿಂದ. 120 ಬಂದರೆ ವೈರು ಎಲ್ಲೋ ತುಂಡಾಗಿದೆ, ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಆಗಿದೆ. ಗೇಟ್‌ವೇ ಮಾಡ್ಯೂಲ್ (ಸಾಕೆಟ್ಟಿಗೂ ಒಳಗಿನ ಡೇಟಾ ವೈರಿಗೂ ನಡುವೆ ಕೂರುವ ಪೆಟ್ಟಿಗೆ) ಇರುವ ಕಾರುಗಳಿಗೆ ಈ ಲೆಕ್ಕ ನಡೆಯದು, ಕಂಪನಿಯ ಸರ್ಕ್ಯೂಟ್ ಡಯಾಗ್ರಾಮ್ ನೋಡಲೇಬೇಕು.

ನೀರಿನ ಮಾತಿಗೆ ಬಂದರೆ, ಎಲ್ಲಿಂದ ಬಂತು ಎಂದು ಕೇಳಿ. ವಿಂಡ್‌ಶೀಲ್ಡ್ ಕೆಳಗಿನ ಡ್ರೈನ್‌ನಲ್ಲಿ ಎಲೆ ಕಸ ಕಟ್ಟಿಕೊಂಡು ನೀರು ಒಳಗಿಳಿಯುವುದು ಹಳೆ ಕಾರುಗಳಲ್ಲಿ ತೀರ ಸಾಮಾನ್ಯ. ಕನೆಕ್ಟರ್ ಬಿಚ್ಚಿಸಿ ಪಿನ್ನುಗಳ ಫೋಟೋ ತೆಗೆಸಿ. ದಪ್ಪಗೆ ಹಸಿರು ಕಿಲುಬು ಕಟ್ಟಿದ್ದರೆ ಅದು ಮೊನ್ನೆಯ ನೀರಲ್ಲ. ಕಾರು ನಿಮ್ಮ ಕೈಗೆ ಬರುವ ಮೊದಲೇ ಶುರುವಾಗಿದ್ದಿರಬೇಕು ಎನ್ನಲು ಆಧಾರವಾಗುತ್ತದೆ. ಆದರೆ ಇದೇ ಫೋಟೋ ತೋರಿಸಿ ವಾರಂಟಿಯವರು ‘ಕೊಳ್ಳುವ ಮೊದಲಿನ ದೋಷ’ ಎಂದೂ ವಾದಿಸಬಹುದು. ಆಗ ನಿಮ್ಮ ಜಗಳ ಅವರ ಜೊತೆಗಲ್ಲ, ದೋಷವಿದ್ದ ಕಾರು ಮಾರಿದ ಡೀಲರ್ ಜೊತೆ. ಇಬ್ಬರಿಗೂ ಒಂದೇ ಕಾಗದ ಕಳಿಸಿ ಕೂರಬೇಡಿ.

ವಾರಂಟಿಯವರಿಂದ ಲಿಖಿತವಾಗಿ ಕೇಳಬೇಕಾದದ್ದು: ಯಾವ ಷರತ್ತಿನಡಿ ತಿರಸ್ಕರಿಸಿದಿರಿ, ಕಾರು ನೋಡಿದವರು ಯಾರು, ಅವರ ರಿಪೋರ್ಟ್ ಎಲ್ಲಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಪಾಲಿಸಿಯಲ್ಲಿ ವೈರಿಂಗ್ ಹಾರ್ನೆಸ್, ಸವಕಳಿ, ಇಲಿ ಕಡಿತ, ಹೊರಗಡೆ ಹಾಕಿಸಿದ ಸ್ಟೀರಿಯೊ ಅಥವಾ ಫಾಗ್ ಲ್ಯಾಂಪ್ ಹೊರಗಿಟ್ಟಿದ್ದಾರೆಯೇ, ಒಂದು ಕ್ಲೇಮಿಗೆ ಮಿತಿ ಎಷ್ಟು, ಬಿಚ್ಚುವ ಮೊದಲು ಅನುಮತಿ ಬೇಕೇ ಎಂದು ನೋಡಿ. ಅನುಮತಿ ಬೇಕೆಂದಿರುವ ಕಡೆ ಅದಿಲ್ಲದೆ ರಿಪೇರಿ ಮಾಡಿಸಿದರೆ ನ್ಯಾಯವಾದ ಕ್ಲೇಮೂ ಬಿದ್ದುಹೋಗುತ್ತದೆ. ತೆಗೆದ ಹಳೆ ಭಾಗವನ್ನು ವರ್ಕ್‌ಶಾಪಿನಲ್ಲಿ ಬಿಟ್ಟು ಬರಬೇಡಿ.

ಪ್ರಶ್ನೆ: ಹೊಸ ಬ್ಯಾಟರಿ, ಹೊಸ ಆಲ್ಟರ್ನೇಟರ್ ಎರಡೂ ಆಯಿತು. ಮೂರು ದಿನ ನಿಲ್ಲಿಸಿದರೆ ಕಾರು ಮತ್ತೆ ಡೆಡ್.

ಉತ್ತರ: ನಿಂತಾಗ ಯಾವುದೋ ಕರೆಂಟ್ ಕುಡಿಯುತ್ತಿದೆ. ಬಾಗಿಲ ಲ್ಯಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದಂತೆ ಮಾಡಿ, ಕೀಲಿಯನ್ನು ದೂರ ಇಟ್ಟು, ಮಾಡ್ಯೂಲ್‌ಗಳು ಮಲಗುವಂತೆ 40 ನಿಮಿಷ ಬಿಡಿ. ಆಮೇಲೆ ನೆಗೆಟಿವ್ ಕೇಬಲ್ಲಿಗೆ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದರೆ ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ಒಳಗಿರಬೇಕು. 400 ಇದ್ದರೆ ದಿನಕ್ಕೆ 9.6 ಆಂಪಿಯರ್ ಅವರ್ ಸೋರಿ, ಮೂರು ದಿನಕ್ಕೆ 45 ಆಂಪಿಯರ್ ಅವರ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಖಾಲಿ. ಫ್ಯೂಸ್ ಕಿತ್ತು ನೋಡುವುದು ಬೇಡ, ವಾಪಸ್ ಹಾಕುವಾಗ ಮಲಗಿದ ಮಾಡ್ಯೂಲ್‌ಗಳು ಎದ್ದುಬಿಡುತ್ತವೆ. ಫ್ಯೂಸಿನ ತಲೆಯ ಮೇಲಿನ ಎರಡು ಚುಕ್ಕೆಗಳ ನಡುವೆ ಮಿಲಿ ವೋಲ್ಟ್ ಅಳೆಯಿರಿ; ಎಲ್ಲಿ ತೋರಿಸುತ್ತದೋ ಆ ಸರ್ಕ್ಯೂಟಿನಲ್ಲಿ ಕರೆಂಟ್ ಹರಿಯುತ್ತಿದೆ. ಹೊರಗೆ ಹಾಕಿಸಿದ ಸ್ಟೀರಿಯೊ, ಡ್ಯಾಶ್ ಕ್ಯಾಮ್ ಇದ್ದರೆ ಅಲ್ಲಿಂದಲೇ ಶುರು ಮಾಡಿ.

ಪ್ರಶ್ನೆ: ಗುಜರಿ ಕಾರಿನ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಅಗ್ಗಕ್ಕೆ ಸಿಗುತ್ತದೆ, ಹಾಕಿಸಬಹುದೇ?

ಉತ್ತರ: ಪಾರ್ಟ್ ನಂಬರ್ ಕೊನೆಯ ಅಂಕಿಯವರೆಗೂ ಹೊಂದಬೇಕು, ಇಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಕಾರು ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಜೊತೆ ಜೋಡಿಸಿಕೊಡುವವರು ಸಿಗಬೇಕು. ಜೋಡಣೆ ಆಗದಿದ್ದರೆ ಹಣ ವಾಪಸ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ವಾರಂಟಿ ಇನ್ನೂ ಚಾಲ್ತಿಯಲ್ಲಿದ್ದರೆ ಆ ಕಡೆ ಹೋಗಲೇಬೇಡಿ.