ಗಣಿತ, ಅರ್ಥಶಾಸ್ತ್ರ ಸರಿ, ಮೂರನೆಯದು ಯಾವುದು?

ದ್ವಿತೀಯ ಪಿಯುಸಿ ಫಲಿತಾಂಶ ಬಂದಾಗಲೆಲ್ಲ, ಮುಂದೇನು ಓದಬೇಕೆಂದು ನನ್ನಲ್ಲಿ ಸಲಹೆ ಕೇಳಿ ಬರುವವರಲ್ಲಿ ಎದುರಾಗುವ ಪ್ರಕರಣವಿದು. ಗುರುತು ಸಿಗದಂತೆ ವಿವರ ಬದಲಿಸಿದೆ. ಹುಡುಗಿ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್), ಗಣಿತದಲ್ಲಿ ತೊಂಬತ್ತರ ಮೇಲೆ. ಅವಳಿಗೆ ಬಿಎಸ್ಸಿಯ ಮೂರು ವಿಷಯಗಳಲ್ಲಿ ಗಣಿತ, ಅರ್ಥಶಾಸ್ತ್ರ ಓದುವಾಸೆ, ತಂದೆಗೆ ಎಂಜಿನಿಯರಿಂಗ್. "ಎಕನಾಮಿಕ್ಸ್ ಓದಿದ್ರೆ ಮೇಷ್ಟ್ರಾಗೋದು ಬಿಟ್ಟು ಇನ್ನೇನಿದೆ ಮೇಡಂ?"

ಎರಡನೇ ಭೇಟಿಯಲ್ಲಿ ಇಬ್ಬರಿಗೂ ಒಂದೇ ಲೆಕ್ಕ ಕೊಟ್ಟೆ. ಬಸ್ ಟಿಕೆಟ್ 20 ರೂಪಾಯಿ ಇದ್ದಾಗ ದಿನಕ್ಕೆ 1000 ಪ್ರಯಾಣಿಕರು. 25 ಮಾಡಿದರೆ 900, 30 ಮಾಡಿದರೆ 700. ಎಷ್ಟಕ್ಕೆ ನಿಲ್ಲಿಸಬೇಕು? ತಂದೆ ಥಟ್ಟನೆ ಗುಣಿಸಿದರು: 20,000, 22,500, 21,000. "ಇಪ್ಪತ್ತೈದೇ ಸರಿ." ಮಗಳು ಉತ್ತರ ಬರೆದು ಪೆನ್ ಕೆಳಗಿಡಲಿಲ್ಲ. "ಬಿಟ್ಟುಹೋದ ಆ ನೂರು ಜನ ನಡ್ಕೊಂಡು ಹೋದ್ರಾ, ಬೈಕ್ ತಗೊಂಡ್ರಾ? ಬೈಕ್ ತಗೊಂಡವರು ಟಿಕೆಟ್ ಮತ್ತೆ ಇಪ್ಪತ್ತು ಮಾಡಿದ್ರೂ ವಾಪಸ್ ಬರಲ್ಲ ಅಲ್ವಾ ಮೇಡಂ?" (ಶಕ್ತಿ ಯೋಜನೆ ಬಂದಮೇಲೆ ಈ ಲೆಕ್ಕವೆಲ್ಲ ಗಂಡಸರಿಗಷ್ಟೇ ಎಂದೂ ಸೇರಿಸಿದಳು.) ಅರ್ಥಶಾಸ್ತ್ರಕ್ಕೆ ಬೇಕಾದ ಬುದ್ಧಿ ಇದೇ. ತಂದೆಯೂ ಸ್ವಲ್ಪ ಹೊತ್ತು ಆ ಹಾಳೆಯನ್ನೇ ನೋಡುತ್ತ ಕೂತರು.

ಆಮೇಲೆ ಮಾತು ಬಿಎಸ್ಸಿಯ ಮೂರನೇ ವಿಷಯಕ್ಕೆ ಬಂತು. ಅವಳು ಕಂಪ್ಯೂಟರ್ ಸೈನ್ಸ್ ಅಂದಳು. ನಾನು ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್) ಅಂದೆ. ಆರ್, ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆ ಹೊರಗೆ ಕಲಿಯಬಹುದು, ಸಂಭವನೀಯತೆ (ಪ್ರಾಬಬಿಲಿಟಿ) ಹಾಗೆ ಬರುವುದಿಲ್ಲ. ಯುಪಿಎಸ್‌ಸಿಯ ಭಾರತೀಯ ಸಂಖ್ಯಾಶಾಸ್ತ್ರ ಸೇವೆಗೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿದ್ದರೆ ಸಾಕು. ಅದಿಲ್ಲದೆ ಬರೀ ಗಣಿತ, ಅರ್ಥಶಾಸ್ತ್ರದ ಪದವಿ ಹಿಡಿದು ಹೋದರೆ ಅರ್ಜಿಯೇ ನಿಲ್ಲುವುದಿಲ್ಲ. ವಿಮೆ, ಪಿಂಚಣಿಗಳ ಅಪಾಯದ ಲೆಕ್ಕ ಹಾಕುವ ಆಕ್ಚುವರಿ ದಾರಿಗೂ ಇದೇ ಬುನಾದಿ. ಅದರ ಪ್ರವೇಶ ಪರೀಕ್ಷೆ ಎಸಿಇಟಿಯನ್ನು ಪಿಯುಸಿ ಆದಮೇಲೆ ಬರೆಯಬಹುದು, ಆದರೆ ಮುಂದಿನ ಪತ್ರಿಕೆಗಳಲ್ಲಿ ಸಿಎಸ್1 ಎಂಬುದು ಪೂರ್ತಿ ಸಂಖ್ಯಾಶಾಸ್ತ್ರ. ಪದವಿಯ ಎರಡನೇ ವರ್ಷದ ಪಾಠ ಮುಗಿಯುವ ಮೊದಲೇ ಇದಕ್ಕೆ ಕೈಹಾಕಿದವರು ಫೀಸು ಕಟ್ಟಿ ಕಟ್ಟಿ ಸೋಲುತ್ತಾರೆ.

ತಂದೆಗೆ ಒಂದು ಮಾತು ಬಿಡಿಸಿ ಹೇಳಿದೆ: ಇದು ಮೂರಲ್ಲ, ಐದು ವರ್ಷದ ಖರ್ಚು. ಭಾರತೀಯ ಆರ್ಥಿಕ ಸೇವೆಗೂ ರಿಸರ್ವ್ ಬ್ಯಾಂಕಿನ ಸಂಶೋಧನಾ ವಿಭಾಗದ ಗ್ರೇಡ್ ಬಿ ಹುದ್ದೆಗೂ ಸ್ನಾತಕೋತ್ತರ ಪದವಿ ಬೇಕೇಬೇಕು. ಐಐಟಿಗಳ ಎಂಎಸ್ಸಿ ಅರ್ಥಶಾಸ್ತ್ರಕ್ಕೆ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ (2020ರಿಂದ ಅರ್ಥಶಾಸ್ತ್ರದ ಪತ್ರಿಕೆಯೂ ಇದೆ), ಭಾರತೀಯ ಸಾಂಖ್ಯಿಕ ಸಂಸ್ಥೆಯ (ಐಎಸ್‌ಐ) ಅರ್ಥಶಾಸ್ತ್ರದ ಸ್ನಾತಕೋತ್ತರ ಕೋರ್ಸ್ ಎಂಎಸ್‌ಕ್ಯೂಇಗೆ ಅದರದೇ ಪರೀಕ್ಷೆ. ಎರಡರಲ್ಲೂ ಜನ ಎಡವುವುದು ಅರ್ಥಶಾಸ್ತ್ರದಲ್ಲಲ್ಲ, ಕಲನ (ಕ್ಯಾಲ್ಕುಲಸ್) ಮತ್ತು ಮ್ಯಾಟ್ರಿಕ್ಸ್‌ನಲ್ಲಿ. ಹಾಗಾಗಿ ಗಣಿತವನ್ನು ಕೊನೆಯ ಸೆಮಿಸ್ಟರ್‌ವರೆಗೂ ಬಿಡಬೇಡ ಎಂದು ಮಗಳಿಗೆ ಹೇಳಿದೆ.

ಎಂಜಿನಿಯರಿಂಗ್ ತಪ್ಪಿಸಿದೆ ಎಂದು ಕೆಲವರು ಆಕ್ಷೇಪಿಸಿದ್ದುಂಟು. ತಪ್ಪಿಸಿಲ್ಲ. ಎಂಎಸ್‌ಕ್ಯೂಇಗೆ ಬಿಟೆಕ್ ಆದವರೂ ಬರುತ್ತಾರೆ. ಆದರೆ ಇಷ್ಟವಿರುವ ವಿಷಯಕ್ಕೆ ನಾಲ್ಕು ವರ್ಷ ಸುತ್ತಿಬಳಸಿ ಬರಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ.

ಫೀಸು ಕಟ್ಟುವ ಮುನ್ನ ಕಾಲೇಜಿನಲ್ಲಿ ಎರಡು ಸಂಗತಿ ಕೇಳಿಕೊಳ್ಳಲು ಕಳಿಸಿದೆ: ಸಂಖ್ಯಾಶಾಸ್ತ್ರ ಮೂರನೇ ವರ್ಷದವರೆಗೂ ಇದೆಯೇ, ಮಕ್ಕಳು ಸಾಲದಿದ್ದರೆ ಕಾಂಬಿನೇಷನ್ ಕೈಬಿಡುತ್ತಾರೆಯೇ. ಮೊದಲ ಕಾಲೇಜು ಎರಡನೆಯ ಪ್ರಶ್ನೆಗೆ ಹೌದು ಎಂದಿತು. ಬೇರೆ ಕಾಲೇಜಿಗೆ ಸೇರಿದಳು.